ಮೊದಲು ರಕ್ತದ ಮಾದರಿ ಹಾರಲಿ

2021ರ ನವೆಂಬರ್ 13ರ ಬೆಳಿಗ್ಗೆ ಆನೇಕಲ್ ತಾಲ್ಲೂಕಿನ ಚಂದಾಪುರ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಎಂಟು ಪ್ರೊಪೆಲ್ಲರ್‌ಗಳ ಡ್ರೋನ್ ಒಂದು ಮೇಲೆದ್ದಿತು. ಅದಕ್ಕೆ ಕಟ್ಟಿದ್ದ ವಿಶೇಷ ಪೆಟ್ಟಿಗೆಯಲ್ಲಿ ಕೋವಿಡ್ ಲಸಿಕೆಯ 50 ವಯಲ್‌ಗಳು ಮತ್ತು ಸಿರಿಂಜ್‌ಗಳಿದ್ದವು. ಹತ್ತು ನಿಮಿಷದಲ್ಲಿ ಅದು ಹಾರಗದ್ದೆಯ ಆರೋಗ್ಯ ಕೇಂದ್ರ ತಲುಪಿ, ಲಸಿಕೆ ಒಪ್ಪಿಸಿ, ಚಂದಾಪುರಕ್ಕೆ ಮರಳಿತು. ಹೋಗಿಬಂದ ದಾರಿ ಒಟ್ಟು 14 ಕಿ.ಮೀ., ಹಿಡಿದ ಸಮಯ ಸುಮಾರು 20 ನಿಮಿಷ. ಡ್ರೋನ್ ರೂಪಿಸಿದ್ದು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ನಮ್ಮೆಲ್ಲರ ಬಾಯಲ್ಲಿರುವ ಎನ್‌ಎಎಲ್. ಕಾರ್ಬನ್ ಫೈಬರ್ ಮೈ, ಮಡಚಿ ಒಯ್ಯಬಹುದಾದ ರಚನೆ, 15 ಕಿಲೋ ಹೊರುವ ಶಕ್ತಿ, 20 ಕಿ.ಮೀ. ವ್ಯಾಪ್ತಿ.

2024ರ ಅಕ್ಟೋಬರ್‌ನಲ್ಲಿ ಬಂದ ಇನ್ನೊಂದು ಸುದ್ದಿ ಹೆಚ್ಚು ಜನರಿಗೆ ನೆನಪಿರಬಹುದು. ಬೆಂಗಳೂರಿನ ಸರ್ಲಾ ಏವಿಯೇಷನ್ ಎಂಬ ಕಂಪನಿ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಆಡಳಿತದೊಂದಿಗೆ ಒಪ್ಪಂದ ಮಾಡಿಕೊಂಡಿತು. ವಿಮಾನ ನಿಲ್ದಾಣದಿಂದ ಎಲೆಕ್ಟ್ರಾನಿಕ್ ಸಿಟಿಗೆ ರಸ್ತೆಯಲ್ಲಿ 152 ನಿಮಿಷ, ವಿದ್ಯುತ್ ಏರ್ ಟ್ಯಾಕ್ಸಿಯಲ್ಲಿ 19 ನಿಮಿಷ, ಟಿಕೆಟ್ ಸುಮಾರು 1,700 ರೂಪಾಯಿ ಎಂಬ ಲೆಕ್ಕ ಎಲ್ಲೆಡೆ ಹರಿದಾಡಿತು. ಹೆಬ್ಬಾಳದ ಫ್ಲೈಓವರ್ ಮೇಲೆ ಕಾರಿನಲ್ಲಿ ಕೂತು ವಿಮಾನ ತಪ್ಪಿಹೋಗುವ ಆತಂಕ ಅನುಭವಿಸಿದವರಿಗೆ ಈ 19 ನಿಮಿಷದ ಆಸೆ ಸಹಜ. ಮರುವರ್ಷದ ಜನವರಿಯಲ್ಲಿ ದೆಹಲಿಯ ಮೊಬಿಲಿಟಿ ಮೇಳದಲ್ಲಿ ಈ ಕಂಪನಿ ‘ಶೂನ್ಯ’ ಎಂಬ ಮಾದರಿಯನ್ನು ಪ್ರದರ್ಶಿಸಿತು. 1936ರಲ್ಲಿ ಪೈಲಟ್ ಪರವಾನಗಿ ಪಡೆದ ಸರ್ಲಾ ಠುಕ್ರಾಲ್ ಅವರ ಹೆಸರನ್ನು ಕಂಪನಿ ಹೊತ್ತಿದೆ. ಅಲ್ಲಿರುವ ಎಂಜಿನಿಯರ್‌ಗಳ ಪರಿಶ್ರಮದ ಬಗ್ಗೆ ನನಗೆ ಗೌರವವಿದೆ.

ಆದರೆ ಈ ಎರಡು ಸುದ್ದಿಗಳಲ್ಲಿ ನಮ್ಮ ರಾಜ್ಯ ಯಾವುದರ ಬೆನ್ನು ಹತ್ತಬೇಕು ಎಂದು ಕೇಳಿದರೆ ನನ್ನ ಉತ್ತರ ಸ್ಪಷ್ಟ. ನಗರದ ಮೇಲೆ ಜನರನ್ನು ಹಾರಿಸುವ ಮುನ್ನ ಊರುಗಳ ಮೇಲೆ ರಕ್ತದ ಮಾದರಿ, ಔಷಧ, ಲಸಿಕೆ ಹಾರಬೇಕು. ಅದಕ್ಕೆ ಬೇಕಾದ ವಿದ್ಯೆ ಬೆಂಗಳೂರಿನಲ್ಲಿ ಆಗಲೇ ಇದೆ. ಆ ವಿದ್ಯೆಯನ್ನೂ ಆಸ್ಪತ್ರೆ, ನಗರಾಡಳಿತ, ವಾಯುಪಡೆ, ಆರೋಗ್ಯ ಇಲಾಖೆಗಳನ್ನೂ ಒಂದೇ ಮೇಜಿನ ಸುತ್ತ ಕೂರಿಸುವ ವ್ಯವಸ್ಥೆ ಮಾತ್ರ ಇಲ್ಲ.

ಬೆಂಗಳೂರು ವಿಮಾನದ ಊರಾದದ್ದು ಆಕಸ್ಮಿಕವಾಗಿ ಅಲ್ಲ. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ (ಇಂದಿನ ಎಚ್‌ಎಎಲ್) ಆರಂಭಿಸಿದಾಗ ಮೈಸೂರು ಸಂಸ್ಥಾನ ಪಾಲುದಾರನಾಗಿ ಹಣವನ್ನೂ ಜಮೀನನ್ನೂ ಕೊಟ್ಟಿತು. ಎರಡು ವರ್ಷದಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ಶುರುವಾಯಿತು. 1959ರಲ್ಲಿ ಎನ್‌ಎಎಲ್ ಹುಟ್ಟಿತು, ಅದೇ ವರ್ಷ ರಕ್ಷಣಾ ಇಲಾಖೆಯ ಎಡಿಇ ಎಂಬ ವೈಮಾನಿಕ ಅಭಿವೃದ್ಧಿ ಸಂಸ್ಥೆಯೂ ಆರಂಭವಾಯಿತು. ಡ್ರೋನ್ ಎಂಬ ಮಾತು ಮದುವೆ ಫೋಟೊದವರ ಬಾಯಿಗೆ ಬರುವುದಕ್ಕೆ ಎಷ್ಟೋ ಮೊದಲೇ ಎಡಿಇಯವರು ‘ಲಕ್ಷ್ಯ’, ‘ನಿಶಾಂತ್’ ಎಂಬ ಪೈಲಟ್‌ರಹಿತ ವಿಮಾನಗಳನ್ನು ಹಾರಿಸಿದ್ದರು. ಇಸ್ರೊ ಇಲ್ಲಿದೆ. ಏರ್‌ಬಸ್ ಎ320 ಕುಟುಂಬದ ವಿಮಾನಗಳ ರೆಕ್ಕೆಗೆ ಬೇಕಾದ ಫ್ಲ್ಯಾಪ್ ಟ್ರ್ಯಾಕ್ ಬೀಮ್‌ಗಳನ್ನು ತಯಾರಿಸುವ ಡೈನಮ್ಯಾಟಿಕ್ ಇಲ್ಲಿದೆ. ಬೆಳಗಾವಿಯ ಏಕಸ್ ಕೂಡ ಏರ್‌ಬಸ್‌ಗೆ ಬಿಡಿಭಾಗ ಕಳಿಸುತ್ತದೆ. ಆಸ್ಟೀರಿಯಾ, ನ್ಯೂಸ್ಪೇಸ್, ಥ್ರಾಟಲ್ ಏರೋಸ್ಪೇಸ್‌ನಂಥ ಖಾಸಗಿ ಡ್ರೋನ್ ಕಂಪನಿಗಳು ಈ ಹಳೆಯ ಬೇರುಗಳ ಮಗ್ಗುಲಲ್ಲೇ ಚಿಗುರಿದವು.

ಈಗ ತಂತ್ರದ ವಿಷಯಕ್ಕೆ ಬರೋಣ. ಏರ್ ಟ್ಯಾಕ್ಸಿ ಏಕೆ ಕಷ್ಟ, ಲಸಿಕೆಯ ಡ್ರೋನ್ ಏಕೆ ಅಷ್ಟು ಕಷ್ಟವಲ್ಲ ಎಂಬುದು ಇಲ್ಲಿಯೇ ತಿಳಿಯುತ್ತದೆ.

ರನ್‌ವೇ ಮೇಲೆ ಓಡಿ ಏರುವ ವಿಮಾನವನ್ನು ಅದರ ರೆಕ್ಕೆ ಎತ್ತಿಹಿಡಿಯುತ್ತದೆ. ಎಂಜಿನ್ ಮುಂದಕ್ಕೆ ತಳ್ಳಿದರೆ ಸಾಕು, ಹರಿಯುವ ಗಾಳಿಯೇ ಭಾರ ಹೊರುತ್ತದೆ. ನಗರದೊಳಗೆ ರನ್‌ವೇಗೆ ಜಾಗವಿಲ್ಲ, ನಿಂತಲ್ಲಿಂದಲೇ ನೆಟ್ಟಗೆ ಏರಬೇಕು. ಆಗ ಇಡೀ ಭಾರವನ್ನು ಪ್ರೊಪೆಲ್ಲರ್‌ಗಳೇ ಹೊರಬೇಕು, ಎಡೆಬಿಡದೆ ಗಾಳಿಯನ್ನು ಕೆಳಕ್ಕೆ ದೂಡುತ್ತಲೇ ಇರಬೇಕು. ಬಾವಿಯಲ್ಲಿ ಮೈಚಾಚಿ ಈಜುವವನಿಗೆ ದಣಿವು ಕಡಿಮೆ, ನಿಂತಲ್ಲೇ ಕೈಕಾಲು ಬಡಿದು ತೇಲುವವನಿಗೆ ಬೇಗ ಉಸಿರು ಕಟ್ಟುತ್ತದೆ. ಗಾಳಿಯಲ್ಲಿ ನಿಲ್ಲುವುದಕ್ಕೂ ಸಾಗುವುದಕ್ಕೂ ಅಷ್ಟೇ ವ್ಯತ್ಯಾಸ. ಮನುಷ್ಯರನ್ನು ಹೊರುವ ಯಂತ್ರದಲ್ಲಿ ನೆಟ್ಟಗೆ ಏರಿ ಇಳಿಯುವ ಒಂದೆರಡು ನಿಮಿಷಕ್ಕೆ ಬೇಕಾದ ವಿದ್ಯುತ್ ಬಲ, ಸಮತಲದಲ್ಲಿ ಹಾರಲು ಬೇಕಾದ್ದಕ್ಕಿಂತ ಹಲವು ಪಟ್ಟು ಹೆಚ್ಚು. ಆದ್ದರಿಂದ ವಿನ್ಯಾಸಕಾರರು ಏರಲು ಪ್ರೊಪೆಲ್ಲರ್, ಸಾಗಲು ರೆಕ್ಕೆ ಎಂದು ಎರಡನ್ನೂ ಜೋಡಿಸುತ್ತಾರೆ. ಏರುವಾಗ ರೆಕ್ಕೆ ಬರೀ ಭಾರ, ಸಾಗುವಾಗ ಏರಿಸಿದ ಮೋಟರುಗಳು ಬರೀ ಭಾರ. ಮೋಟರುಗಳನ್ನೇ ಓರೆಯಾಗಿಸಿ ಎರಡೂ ಕೆಲಸ ಮಾಡಿಸಬಹುದು, ಆದರೆ ಆಗ ತಿರುಗುವ ಕೀಲುಗಳು ಹೆಚ್ಚುತ್ತವೆ. ಕೀಲು ಹೆಚ್ಚಿದಷ್ಟೂ ಸುರಕ್ಷತೆ ಸಾಬೀತು ಮಾಡುವ ಹೊರೆ ಹೆಚ್ಚುತ್ತದೆ.

ಇನ್ನು ಬ್ಯಾಟರಿ. ಒಂದು ಕಿಲೋ ವಿಮಾನ ಇಂಧನದಲ್ಲಿ ಸುಮಾರು 12,000 ವ್ಯಾಟ್-ಅವರ್ ಶಕ್ತಿ ಅಡಗಿದೆ. ಒಂದು ಕಿಲೋ ಲಿಥಿಯಂ ಬ್ಯಾಟರಿಯ ಕೋಶದಲ್ಲಿ ಸುಮಾರು 250. ವಿದ್ಯುತ್ ಮೋಟರಿನ ದಕ್ಷತೆ ಹೆಚ್ಚು ಎಂಬುದನ್ನು ಲೆಕ್ಕಕ್ಕೆ ಹಿಡಿದರೂ ಕಂದಕ ದೊಡ್ಡದೇ. ಇಂಧನ ಉರಿದಂತೆ ವಿಮಾನ ಹಗುರಾಗುತ್ತದೆ, ಬ್ಯಾಟರಿ ಖಾಲಿಯಾದರೂ ಅದರ ತೂಕ ಅಷ್ಟೇ ಇರುತ್ತದೆ. ಇಳಿಯಬೇಕಾದ ತಾಣ ಖಾಲಿಯಿಲ್ಲದಿದ್ದರೆ ಇನ್ನೊಂದೆಡೆಗೆ ಹೋಗಿ ಇಳಿಯುವಷ್ಟು ಶಕ್ತಿಯನ್ನು ಮುಟ್ಟದೆ ಉಳಿಸಿಕೊಳ್ಳಲೇಬೇಕು. ಅಷ್ಟನ್ನೂ ಕಳೆದ ಮೇಲೆ ಕೈಗೆ ಸಿಗುವ ದೂರ ಕಂಪನಿಗಳ ಕರಪತ್ರದಲ್ಲಿ ಕಾಣುವಷ್ಟು ಇರುವುದಿಲ್ಲ.

ಬೆಂಗಳೂರಿಗೆ ಇನ್ನೊಂದು ತೊಡಕಿದೆ. ಈ ಊರಿನ ಹಿತವಾದ ಹವೆಗೆ ಕಾರಣವಾದ ಎತ್ತರವೇ ಹಾರುವ ಯಂತ್ರಕ್ಕೆ ತುಸು ಪ್ರತಿಕೂಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಇಲ್ಲಿ ಗಾಳಿ ಮಂಗಳೂರಿನ ಗಾಳಿಗಿಂತ ಶೇಕಡ 8ರಿಂದ 10ರಷ್ಟು ತೆಳು. ಅದೇ ವೇಗದಲ್ಲಿ ತಿರುಗಿದ ಪ್ರೊಪೆಲ್ಲರ್ ಅಷ್ಟೇ ಪ್ರಮಾಣದಲ್ಲಿ ಕಡಿಮೆ ಭಾರ ಎತ್ತುತ್ತದೆ, ಹೆಚ್ಚು ತಿರುಗಿಸಿದರೆ ಬ್ಯಾಟರಿ ಬೇಗ ಬರಿದಾಗುತ್ತದೆ. ಏಪ್ರಿಲ್ ಮಧ್ಯಾಹ್ನದ ಬಿಸಿಯಲ್ಲಿ ಗಾಳಿ ಮತ್ತಷ್ಟು ತೆಳುವಾಗುತ್ತದೆ, ಬ್ಯಾಟರಿಯೂ ಕಾಯುತ್ತದೆ. ಹದಿನೈದು ಕಿಲೋ ಹೊರುವ ಡ್ರೋನ್‌ಗೆ ಇದು ಕೆಲವು ಕಿಲೋ ಕಡಿಮೆ ಹೊರುವ ವಿಚಾರ. ಆರು ಜನರನ್ನು ಹೊರುವ ಯಂತ್ರದಲ್ಲಿ ಅದು ಪ್ರಯಾಣಿಕರ ಸೀಟಿಗೇ ಕುತ್ತು.

ಜಗತ್ತಿನ ಅನುಭವವೂ ಇದನ್ನೇ ಹೇಳುತ್ತಿದೆ. ಜರ್ಮನಿಯ ವೋಲೊಕಾಪ್ಟರ್ 2024ರ ಪ್ಯಾರಿಸ್ ಒಲಿಂಪಿಕ್ಸ್ ವೇಳೆಗೆ ಪ್ರಯಾಣಿಕರನ್ನು ಹೊರುವುದಾಗಿ ಹೇಳಿತ್ತು. ಅದು ಆಗಲಿಲ್ಲ, ಆ ವರ್ಷದ ಡಿಸೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಅದೇ ದೇಶದ ಲಿಲಿಯಂ ಅದಕ್ಕೂ ಎರಡು ತಿಂಗಳ ಮೊದಲೇ ದಿವಾಳಿಗೆ ಮೊರೆ ಹೋಗಿತ್ತು. 2025ರ ಆರಂಭದಲ್ಲಿ ಏರ್‌ಬಸ್‌ನಂಥ ದೈತ್ಯ ಸಂಸ್ಥೆಯೇ, ಬ್ಯಾಟರಿ ತಂತ್ರಜ್ಞಾನ ಇನ್ನೂ ಮಾಗಿಲ್ಲ ಎಂಬ ಕಾರಣಕ್ಕೆ ತನ್ನ ಸಿಟಿಏರ್‌ಬಸ್ ಯೋಜನೆಯನ್ನು ತಡೆಹಿಡಿಯಿತು. ಚೀನಾದ ಈಹ್ಯಾಂಗ್ 2023ರಲ್ಲಿ ತನ್ನ ಇಬ್ಬರು ಕೂರುವ ಪೈಲಟ್‌ರಹಿತ ಯಂತ್ರಕ್ಕೆ ಅಲ್ಲಿನ ಪ್ರಮಾಣಪತ್ರ ಪಡೆದದ್ದು ನಿಜ. ಒಂದು ದಿನ ಏರ್ ಟ್ಯಾಕ್ಸಿ ನಮ್ಮಲ್ಲಿಗೂ ಬರಬಹುದು. ಆದರೆ ನಗರದ ಸಂಚಾರದ ಸಂಕಟಕ್ಕೆ ಅದು ಮದ್ದು ಎಂದು ನಂಬಿಸುವುದು ತಪ್ಪು.

ಇದಕ್ಕೆ ದೊಡ್ಡ ಗಣಿತ ಬೇಡ. ಒಂದು ತಾಣದಲ್ಲಿ ನಿಮಿಷಕ್ಕೊಂದು ಏರ್ ಟ್ಯಾಕ್ಸಿ ಇಳಿದು, ಪ್ರತಿಯೊಂದರಲ್ಲೂ ಆರು ಜನ ಭರ್ತಿ ಇದ್ದಾರೆ ಎಂದುಕೊಳ್ಳಿ. ಅಷ್ಟು ದಟ್ಟವಾದ ಹಾರಾಟ ಇಂದು ಎಲ್ಲಿಯೂ ಇಲ್ಲ. ಆದರೂ ಗಂಟೆಗೆ 360 ಜನ. ನಮ್ಮ ಮೆಟ್ರೊದ ಆರು ಬೋಗಿಯ ಒಂದೇ ರೈಲು ಒಂದೂವರೆ ಸಾವಿರಕ್ಕೂ ಹೆಚ್ಚು ಜನರನ್ನು ಹೊರುತ್ತದೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಎಲೆಕ್ಟ್ರಾನಿಕ್ ಸಿಟಿಯನ್ನು ಮುಟ್ಟಿದ ಕೂಡಲೇ ಮೆಟ್ರೊ ಪ್ರಯಾಣಿಕರ ಸಂಖ್ಯೆ ದಿನಕ್ಕೆ 10 ಲಕ್ಷ ದಾಟಿತು. ಬೆಂಗಳೂರು ಹಾರುವ ಟ್ಯಾಕ್ಸಿಯನ್ನು ಈಗಾಗಲೇ ಪರೀಕ್ಷಿಸಿ ನೋಡಿಯೂ ಇದೆ. 2018ರ ಮಾರ್ಚ್‌ನಲ್ಲಿ ತುಂಬಿ ಏವಿಯೇಷನ್ ಎಂಬ ಕಂಪನಿ ವಿಮಾನ ನಿಲ್ದಾಣ ಮತ್ತು ಎಲೆಕ್ಟ್ರಾನಿಕ್ ಸಿಟಿ ನಡುವೆ ಹೆಲಿಟ್ಯಾಕ್ಸಿ ಆರಂಭಿಸಿತು. 15 ನಿಮಿಷದ ಹಾರಾಟಕ್ಕೆ ತೆರಿಗೆ ಬಿಟ್ಟು 3,500 ರೂಪಾಯಿ. 2022ರ ಅಕ್ಟೋಬರ್‌ನಲ್ಲಿ ಬ್ಲೇಡ್ ಇಂಡಿಯಾ ಎಚ್‌ಎಎಲ್‌ನಿಂದ ವಿಮಾನ ನಿಲ್ದಾಣಕ್ಕೆ 12 ನಿಮಿಷದ ಸೇವೆ ತಂದಿತು, ದರ 3,250 ರೂಪಾಯಿ. ಎರಡೂ ಸೇವೆಗಳು ಹೆಬ್ಬಾಳದ ದಟ್ಟಣೆಯಲ್ಲಿ ಒಂದು ಗುಲಗಂಜಿಯಷ್ಟೂ ಕಡಿಮೆ ಮಾಡಲಿಲ್ಲ.

ಹಾಗಾದರೆ ಆಕಾಶದಿಂದ ನಗರಕ್ಕೆ ಏನೂ ಉಪಯೋಗವಿಲ್ಲವೇ? ಇದೆ, ಬಹಳ ಇದೆ. ಅದನ್ನು ಚೆನ್ನಾಗಿ ಕಂಡುಕೊಂಡ ಊರು ಹ್ಯಾಂಬರ್ಗ್.

ಹ್ಯಾಂಬರ್ಗ್ ನಮ್ಮ ಹಾಗೆಯೇ ವಿಮಾನದ ಊರು. ಏರ್‌ಬಸ್‌ನ ದೊಡ್ಡ ಜೋಡಣಾ ಕಾರ್ಖಾನೆ ಅಲ್ಲಿನ ಫಿಂಕನ್‌ವೆರ್ಡರ್‌ನಲ್ಲಿದೆ, ಲುಫ್ತಾನ್ಸಾ ಟೆಕ್ನಿಕ್ ಅಲ್ಲಿದೆ, 40,000ಕ್ಕೂ ಹೆಚ್ಚು ಜನ ಈ ಉದ್ಯಮವನ್ನು ನಂಬಿದ್ದಾರೆ. ಆದರೆ ಅಲ್ಲಿ ‘ಹ್ಯಾಂಬರ್ಗ್ ಏವಿಯೇಷನ್’ ಎಂಬ ಕೂಟವೊಂದಿದೆ. ಕಾರ್ಖಾನೆ, ವಿಶ್ವವಿದ್ಯಾಲಯ, ವಿಮಾನ ನಿಲ್ದಾಣ, ಸಣ್ಣ ಕಂಪನಿ, ನಗರ ಸರ್ಕಾರ ಎಲ್ಲವೂ ಅದರ ಸದಸ್ಯರು. 2018ರಲ್ಲಿ ಹ್ಯಾಂಬರ್ಗ್ ಐರೋಪ್ಯ ಒಕ್ಕೂಟದ ನಗರ ವಾಯು ಸಂಚಾರ ಉಪಕ್ರಮಕ್ಕೆ ಮಾದರಿ ಪ್ರದೇಶವಾಗಿ ಸೇರಿತು. ಹೆಸರು ನಗರ ವಾಯು ಸಂಚಾರವಾದರೂ ಅವರು ಮೊದಲು ಕೈಗೆತ್ತಿಕೊಂಡ ಕೆಲಸಗಳಲ್ಲಿ ಮುಖ್ಯವಾದದ್ದು ಮನುಷ್ಯರನ್ನು ಹಾರಿಸುವುದಾಗಿರಲಿಲ್ಲ. ಅವರು ಆರಿಸಿಕೊಂಡದ್ದು ಶಸ್ತ್ರಚಿಕಿತ್ಸೆಯ ಮಧ್ಯದಲ್ಲಿ ತೆಗೆದ ಅಂಗಾಂಶದ ಚೂರನ್ನು.

ಕ್ಯಾನ್ಸರ್ ಗೆಡ್ಡೆ ತೆಗೆಯುವ ಸರ್ಜನ್‌ಗೆ ಆಪರೇಷನ್ ನಡುವೆಯೇ ಒಂದು ಪ್ರಶ್ನೆ ಎದುರಾಗುತ್ತದೆ: ಗೆಡ್ಡೆ ಪೂರ್ತಿ ಬಂತೋ, ಅಂಚಿನಲ್ಲಿ ಉಳಿದಿದೆಯೋ? ಅಂಚಿನ ಚೂರೊಂದನ್ನು ತೆಗೆದು ಪೆಥಾಲಜಿಸ್ಟ್ ಬಳಿಗೆ ಕಳಿಸುತ್ತಾರೆ. ಅವರು ಅದನ್ನು ಹೆಪ್ಪುಗಟ್ಟಿಸಿ, ತೆಳುಪದರವಾಗಿ ಕತ್ತರಿಸಿ, ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುತ್ತಾರೆ. ಫ್ರೋಜನ್ ಸೆಕ್ಷನ್ ಎಂದು ವೈದ್ಯರು ಕರೆಯುವ ಈ ಪರೀಕ್ಷೆ ಮುಗಿಯುವವರೆಗೆ ರೋಗಿ ಅರಿವಳಿಕೆಯಲ್ಲಿ ಮಲಗಿರಬೇಕು. ಪೆಥಾಲಜಿ ಲ್ಯಾಬ್ ಅದೇ ಕಟ್ಟಡದಲ್ಲಿದ್ದರೆ ತೊಂದರೆಯಿಲ್ಲ. ಇನ್ನೊಂದು ಆಸ್ಪತ್ರೆಯಲ್ಲಿದ್ದರೆ ಚೂರು ವಾಹನದಲ್ಲಿ ಹೋಗಬೇಕು. ಟ್ರಾಫಿಕ್ ಎಷ್ಟು ಹೊತ್ತು ತಡೆಯುತ್ತದೋ ಅಷ್ಟು ಹೊತ್ತು ಹೊಟ್ಟೆಯೋ ಎದೆಯೋ ತೆರೆದ ಮನುಷ್ಯ ಮೇಜಿನ ಮೇಲೆ ಇರುತ್ತಾನೆ.

2020ರ ಫೆಬ್ರುವರಿಯಲ್ಲಿ ‘ಮೆಡಿಫ್ಲೈ’ ಎಂಬ ಯೋಜನೆಯಡಿ ಹ್ಯಾಂಬರ್ಗ್‌ನ ಸೇನಾ ಆಸ್ಪತ್ರೆ ಮತ್ತು ಮಾರಿಯನ್ ಆಸ್ಪತ್ರೆಗಳ ನಡುವೆ, ಸುಮಾರು ಐದು ಕಿಲೋಮೀಟರ್ ಅಂತರದಲ್ಲಿ ಡ್ರೋನ್‌ಗಳ ಪರೀಕ್ಷಾ ಹಾರಾಟ ನಡೆಯಿತು. ದಾರಿ ಜನವಸತಿಯ ಮೇಲೆ, ಅದೂ ವಿಮಾನ ನಿಲ್ದಾಣದ ನಿಯಂತ್ರಿತ ವಾಯುವಲಯದೊಳಗೆ. ಡ್ರೋನ್ ಕಟ್ಟುವುದು ಅಲ್ಲಿ ಸುಲಭದ ಭಾಗವಾಗಿತ್ತು. ದೊಡ್ಡ ವಿಮಾನಗಳ ಜೊತೆ ಅದೇ ಆಕಾಶವನ್ನು ಹಂಚಿಕೊಳ್ಳುವ ಕ್ರಮ, ಕಂಟ್ರೋಲ್ ಟವರ್‌ನೊಡನೆ ಸಂಪರ್ಕ, ಮೋಟರ್ ಕೆಟ್ಟರೆ ಏನು ಎಂಬ ಉತ್ತರ, ಇವೇ ನಿಜವಾದ ಸಂಶೋಧನೆ. ಮರುವರ್ಷ ಜರ್ಮನಿಯ ವಾಯು ಸಂಚಾರ ನಿಯಂತ್ರಣ ಸಂಸ್ಥೆ ಮತ್ತು ಅದರ ಒಡನಾಡಿ ಡ್ರೋನಿಕ್ ಕಂಪನಿ ಹ್ಯಾಂಬರ್ಗ್ ಬಂದರಿನ ಮೇಲೆ, ಹಲವು ಡ್ರೋನ್‌ಗಳು ಒಟ್ಟಿಗೆ ಹಾರುವ ಪ್ರಯೋಗ ವಲಯವನ್ನು ನಡೆಸಿದವು. ಪ್ರತಿ ಡ್ರೋನ್ ತಾನೆಲ್ಲಿದ್ದೇನೆ ಎಂದು ಸದಾ ತಿಳಿಸುತ್ತಿರಬೇಕು, ಹಾರುವ ಮುನ್ನ ದಾರಿ ಕೇಳಬೇಕು, ಎರಡು ದಾರಿಗಳು ಸಂಧಿಸಿದರೆ ವ್ಯವಸ್ಥೆಯೇ ಒಂದನ್ನು ತಡೆಯಬೇಕು. ಇದಕ್ಕೆ ಐರೋಪ್ಯ ನಿಯಮ 2023ರ ಜನವರಿಯಲ್ಲಿ ಜಾರಿಗೆ ಬಂತು.

ಅಂಗಾಂಶದ ಮಾದರಿ ಹಾರಿಸುವ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ ಎಂಬುದು ನನಗೆ ಹೆಮ್ಮೆಯ ಸಂಗತಿ. 2024ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕಾರ್ಕಳದ ಟಿ.ಎಂ.ಎ. ಪೈ ರೋಟರಿ ಆಸ್ಪತ್ರೆಯಿಂದ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿಗೆ ಇಂಥದೇ ಶಸ್ತ್ರಚಿಕಿತ್ಸೆಯ ನಡುವಿನ ಮಾದರಿಯನ್ನು ಡ್ರೋನ್ ಮೂಲಕ ಕಳಿಸಿ ಪರೀಕ್ಷಿಸಿತು. ರಸ್ತೆಯಲ್ಲಿ ಒಂದು ಗಂಟೆಯ ದಾರಿ, ಡ್ರೋನ್‌ಗೆ 20–25 ನಿಮಿಷ. ಕಾರ್ಕಳದಂಥ ತಾಲ್ಲೂಕು ಕೇಂದ್ರದಲ್ಲಿ ಪೆಥಾಲಜಿಸ್ಟ್ ಇಲ್ಲದಿದ್ದರೂ ಅಲ್ಲಿನ ಸರ್ಜನ್ ಧೈರ್ಯವಾಗಿ ಕ್ಯಾನ್ಸರ್ ಆಪರೇಷನ್ ಮಾಡಬಹುದು ಎಂಬುದು ಇದರ ಅರ್ಥ. ರೋಗಿ ಊರು ಬಿಟ್ಟು ಹೋಗಬೇಕಿಲ್ಲ, ರೋಗಿಯ ಮೈಯ ಒಂದು ಚೂರು ಹೋದರೆ ಸಾಕು. ಹ್ಯಾಂಬರ್ಗ್‌ನ ಐದು ಕಿಲೋಮೀಟರಿಗಿಂತ ಕಾರ್ಕಳದ ಹಾರಾಟ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುತ್ತದೆ, ಏಕೆಂದರೆ ಇಲ್ಲಿ ವೈದ್ಯರ ಕೊರತೆಯೂ ದೂರವೂ ಹೆಚ್ಚು.

ಇದನ್ನು ಮಲೆನಾಡಿಗೆ ಅನ್ವಯಿಸಿ ನೋಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಉಣುಗುಗಳ ಮೂಲಕ ಜನರನ್ನು ಕೊಲ್ಲುತ್ತಿದೆ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅದು ಮಾಡಿದ ಅನಾಹುತವನ್ನು ಆ ಭಾಗದವರು ಮರೆತಿಲ್ಲ. ಜ್ವರ ಬಂದವರಿಗೆ ಇದು ಮಂಗನ ಕಾಯಿಲೆಯೋ, ಡೆಂಗಿಯೋ, ಇಲಿಜ್ವರವೋ ಎಂದು ಗೊತ್ತಾಗಬೇಕಾದರೆ ರಕ್ತದ ಮಾದರಿ ಶಿವಮೊಗ್ಗದ ವೈರಾಣು ಪತ್ತೆ ಪ್ರಯೋಗಾಲಯ ಸೇರಬೇಕು. ಘಟ್ಟದ ತಿರುವುಗಳನ್ನು ಹಾದು ಹೋಗುವ ದಾರಿ ಅದು. ಒಂದೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಒಂದೆರಡು ಟ್ಯೂಬ್‌ಗಳಿಗಾಗಿ ಪ್ರತ್ಯೇಕ ವಾಹನ ಓಡಿಸಲಾಗದೆ ಮಾದರಿಗಳು ಒಟ್ಟುಗೂಡಲಿ ಎಂದು ಕಾಯುವುದು ಸಹಜ. ಆ ಕಾಯುವಿಕೆ ರೋಗಿಗೆ ದುಬಾರಿ. ಗಮನಿಸಬೇಕಾದ ಮಾತೊಂದಿದೆ. ಈ ಕಾಯಿಲೆಯ ಕಾಲ ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಬಹುಪಾಲು ಮಳೆಯಿಲ್ಲದ ತಿಂಗಳುಗಳು. ಆಗುಂಬೆಯ ಮಳೆಗಾಲದಲ್ಲಿ ಯಾವ ಡ್ರೋನೂ ಹಾರಲಾರದು ಎಂಬ ಆಕ್ಷೇಪ ಇಲ್ಲಿ ನಿಲ್ಲುವುದಿಲ್ಲ.

ತಂತ್ರದ ಅಡ್ಡಿಯೊಂದು ನಿಜವಾಗಿಯೂ ಇದೆ. ಎನ್‌ಎಎಲ್‌ನ ಎಂಟು ಪ್ರೊಪೆಲ್ಲರ್ ಡ್ರೋನಿನ 20 ಕಿ.ಮೀ. ವ್ಯಾಪ್ತಿ ಅರಳಗೋಡಿನಿಂದ ಶಿವಮೊಗ್ಗಕ್ಕೆ ಸಾಲದು. ಅಲ್ಲಿಗೆ ರೆಕ್ಕೆಯಿರುವ, ನೆಟ್ಟಗೆ ಏರಿ ಮುಂದೆ ರೆಕ್ಕೆಯ ಮೇಲೆ ಸಾಗುವ ಸಣ್ಣ ಡ್ರೋನ್ ಬೇಕು. ಏರ್ ಟ್ಯಾಕ್ಸಿಗೆ ಬೇಕಾದ ವಿದ್ಯೆಯೇ ಇದು, ಕೇವಲ ಸಣ್ಣ ಗಾತ್ರದಲ್ಲಿ. ರುವಾಂಡಾ ದೇಶದಲ್ಲಿ ಜಿಪ್‌ಲೈನ್ ಎಂಬ ಕಂಪನಿ 2016ರಿಂದ ರೆಕ್ಕೆಯ ಡ್ರೋನ್‌ಗಳಲ್ಲಿ ಗುಡ್ಡಗಾಡಿನ ಆಸ್ಪತ್ರೆಗಳಿಗೆ ರಕ್ತ ತಲುಪಿಸುತ್ತಿದೆ, ಪ್ಯಾರಾಚೂಟ್ ಕಟ್ಟಿದ ಪೊಟ್ಟಣ ಆಸ್ಪತ್ರೆಯ ಅಂಗಳಕ್ಕೆ ಇಳಿಯುತ್ತದೆ. ನಮ್ಮ ಎನ್‌ಎಎಲ್ 2024ರ ಫೆಬ್ರುವರಿಯಲ್ಲಿ ಚಳ್ಳಕೆರೆಯ ಪರೀಕ್ಷಾ ನೆಲೆಯಲ್ಲಿ 12 ಮೀಟರ್ ರೆಕ್ಕೆಯ, ಬರೀ 23 ಕಿಲೋ ತೂಕದ ಸೌರಶಕ್ತಿಯ ವಿಮಾನವನ್ನು ಎಂಟು ಗಂಟೆಗೂ ಹೆಚ್ಚು ಕಾಲ ಆಕಾಶದಲ್ಲಿ ನಿಲ್ಲಿಸಿತು. ಇಷ್ಟು ಬಲ್ಲವರಿಗೆ ಸಾಗರದಿಂದ ಶಿವಮೊಗ್ಗ ದೂರವಲ್ಲ.

ಕಾನೂನೂ ಬಹುಮಟ್ಟಿಗೆ ದಾರಿ ಬಿಟ್ಟಿದೆ. 2021ರ ಆಗಸ್ಟ್‌ನ ಡ್ರೋನ್ ನಿಯಮಗಳು ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿದವು. ಹಸಿರು ವಲಯದಲ್ಲಿ ನೆಲದಿಂದ 400 ಅಡಿವರೆಗೆ ಹಾರಲು ಮುಂಗಡ ಅನುಮತಿ ಬೇಡ. ವಿಮಾನ ನಿಲ್ದಾಣದ ಸುತ್ತ 45 ಕಿ.ಮೀ. ಇದ್ದ ಹಳದಿ ವಲಯ 12 ಕಿ.ಮೀ.ಗೆ ಇಳಿಯಿತು. ಆದರೆ ಬೆಂಗಳೂರಿನ ಉತ್ತರ ಮತ್ತು ಪೂರ್ವದ ನಕ್ಷೆಯನ್ನು ಹರಡಿಕೊಂಡು ದೇವನಹಳ್ಳಿ, ಯಲಹಂಕ ವಾಯುನೆಲೆ, ಜಕ್ಕೂರು, ಎಚ್‌ಎಎಲ್ ಸುತ್ತ 12 ಕಿ.ಮೀ. ವೃತ್ತ ಎಳೆದರೆ ಅವು ಒಂದರ ಮೇಲೊಂದು ಬೀಳುತ್ತವೆ. ಈ ಊರನ್ನು ವಿಮಾನದ ಊರು ಮಾಡಿದ ಹಾರುನೆಲೆಗಳೇ ಅದರ ಕೆಳ ಆಕಾಶವನ್ನು ಕಟ್ಟಿಹಾಕಿವೆ. ಲಸಿಕೆ ಹಾರಿದ ಆನೇಕಲ್ ದಕ್ಷಿಣದ ಅಂಚಿನಲ್ಲಿದೆ, 2021ರ ಜೂನ್‌ನಲ್ಲಿ ಥ್ರಾಟಲ್ ಏರೋಸ್ಪೇಸ್ ಕಣ್ಣಳತೆಯ ಆಚೆಗೆ ಔಷಧ ಹಾರಿಸುವ ಪ್ರಯೋಗ ನಡೆಸಿದ ಗೌರಿಬಿದನೂರು ಇನ್ನೂ ದೂರ. ಏರ್ ಟ್ಯಾಕ್ಸಿ ಹೊರಡಬೇಕಾದದ್ದು ಮಾತ್ರ ಈ ಗಂಟಿನ ನಡುವಿನಿಂದಲೇ. ನೂರಾರು ಡ್ರೋನ್‌ಗಳನ್ನು ಒಟ್ಟಿಗೆ ನಿಭಾಯಿಸುವ ಸಂಚಾರ ವ್ಯವಸ್ಥೆಯ ಚೌಕಟ್ಟನ್ನು ಕೇಂದ್ರ ಸರ್ಕಾರ 2021ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಅದನ್ನು ಒಂದು ನೈಜ ಊರಿನ ಮೇಲೆ ಪರೀಕ್ಷಿಸಿ ಹದಗೊಳಿಸುವ ಕೆಲಸಕ್ಕೆ ಬೆಂಗಳೂರಿಗಿಂತ ಯೋಗ್ಯ ಜಾಗ ದೇಶದಲ್ಲಿ ಇನ್ನೊಂದಿಲ್ಲ. ಅಂಥ ಪರೀಕ್ಷೆಗೆ ದಿನವೂ ಹಾರುವ ಸಣ್ಣ ಡ್ರೋನ್‌ಗಳು ಬೇಕು. ಸಾವಿರಾರು ಹಾರಾಟಗಳ ದಾಖಲೆ ಸಿಕ್ಕ ಮೇಲೆ ಮನುಷ್ಯರನ್ನು ಕೂರಿಸುವ ಮಾತು ಆಡಬಹುದು.

ನೆಲದ ಮಾತನ್ನೂ ಹೇಳಲೇಬೇಕು. ಚಳ್ಳಕೆರೆಯ ಪರೀಕ್ಷಾ ನೆಲೆ ನಿಂತಿರುವುದು ಅಮೃತ ಮಹಲ್ ಕಾವಲಿನಲ್ಲಿ. ವರವು, ಕುದಾಪುರ, ಉಳ್ಳಾರ್ತಿ ಕಾವಲುಗಳ ಸುಮಾರು 10,000 ಎಕರೆ ಹುಲ್ಲುಗಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ದನ, ಕುರಿ ಮೇಯಿಸಿ ಬದುಕುತ್ತಿದ್ದವರು ಬೇಲಿಯ ಹೊರಗೆ ಉಳಿದರು. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ ಏರೋಸ್ಪೇಸ್ ಪಾರ್ಕ್‌ಗೆಂದು ಗುರುತಿಸಿದ್ದ 1,777 ಎಕರೆಯನ್ನು, ರೈತರು ಮೂರು ವರ್ಷಕ್ಕೂ ಮೀರಿ ಹೋರಾಡಿದ ಮೇಲೆ, ಸರ್ಕಾರ 2025ರ ಜುಲೈನಲ್ಲಿ ಕೈಬಿಟ್ಟಿತು. ಆ ರೈತರು ಗೆದ್ದದ್ದು ನ್ಯಾಯ. ಮೈಸೂರು ಸಂಸ್ಥಾನದ ಕಾಲದಿಂದ ಇಲ್ಲಿಯವರೆಗೆ ಈ ಉದ್ಯಮ ಬೆಳೆದದ್ದು ಸಾರ್ವಜನಿಕರ ಜಮೀನು, ಸಾರ್ವಜನಿಕರ ಹಣದ ಮೇಲೆ. ಹಾಗಿರುವಾಗ ಅದರ ಹೊಸ ಫಲದ ಮೊದಲ ಪಾಲು ಸಿಗಬೇಕಾದದ್ದು ಯಾರಿಗೆ ಎಂಬ ಪ್ರಶ್ನೆಯನ್ನು ಕೇಳುವ ಹಕ್ಕು ಜನರಿಗಿದೆ.

ಆಕಾಶವೂ ಸಾರ್ವಜನಿಕ ಆಸ್ತಿಯೇ. ಏರ್ ಟ್ಯಾಕ್ಸಿಯ ದಾರಿ ಯಾವ ಬಡಾವಣೆಗಳ ಮೇಲೆ ಹಾಯುತ್ತದೆ, ಅದರ ಸದ್ದನ್ನು ಯಾರು ಕೇಳಬೇಕು, ಕೆಟ್ಟರೆ ಯಾರ ಮನೆಯ ಮೇಲೆ ಬೀಳುತ್ತದೆ ಎಂಬುದನ್ನು ಒಂದು ಕಂಪನಿ ಮತ್ತು ಒಂದು ವಿಮಾನ ನಿಲ್ದಾಣ ಕೂತು ತೀರ್ಮಾನಿಸಲು ಬರುವುದಿಲ್ಲ. ಹಲವು ಸಣ್ಣ ಪ್ರೊಪೆಲ್ಲರ್‌ಗಳ ಕೀರಲು ದನಿ ಹೆಲಿಕಾಪ್ಟರಿನ ಗುಡುಗಿಗಿಂತ ಕಡಿಮೆ ಇರಬಹುದು. ಆದರೆ ನಿಮಿಷಕ್ಕೊಮ್ಮೆ ತಲೆಯ ಮೇಲೆ ಹಾಯ್ದರೆ ಅದು ಬೇರೆಯೇ ಹಿಂಸೆ. ಜೀವ ಉಳಿಸುವ ರಕ್ತದ ಪೊಟ್ಟಣಕ್ಕಾದರೆ ಆ ಸದ್ದನ್ನು ಸಹಿಸಿಕೊಳ್ಳಲು ನಮ್ಮ ಜನ ಸಿದ್ಧರಿರುತ್ತಾರೆ ಎಂಬ ನಂಬಿಕೆ ನನಗಿದೆ.

ಕರ್ನಾಟಕದ ಈಗಿನ ಏರೋಸ್ಪೇಸ್ ಮತ್ತು ರಕ್ಷಣಾ ನೀತಿಯ ಅವಧಿ 2027ಕ್ಕೆ ಮುಗಿಯುತ್ತದೆ. ಮುಂದಿನ ನೀತಿಯನ್ನು ಬರೆಯುವಾಗ ಕೈಗಾರಿಕಾ ಇಲಾಖೆಯ ಪಕ್ಕದಲ್ಲಿ ಆರೋಗ್ಯ ಇಲಾಖೆಯೂ ಕೂರಬೇಕು. ಶಿವಮೊಗ್ಗದ ವೈರಾಣು ಪ್ರಯೋಗಾಲಯವನ್ನು ನಡುವಿಟ್ಟುಕೊಂಡು ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಒಂದು ಋತುವಿನ ಮಟ್ಟಿಗೆ ದಿನನಿತ್ಯದ ಡ್ರೋನ್ ಮಾರ್ಗ ತೆರೆಯಲಿ. ಎನ್‌ಎಎಲ್ ಮತ್ತು ಖಾಸಗಿ ಕಂಪನಿಗಳು ಅದಕ್ಕೆ ಸ್ಪರ್ಧಿಸಲಿ. ಎಷ್ಟು ಹಾರಾಟ, ಎಷ್ಟು ವಿಫಲ, ಒಂದು ಮಾದರಿಗೆ ಎಷ್ಟು ಖರ್ಚು ಎಂಬ ಲೆಕ್ಕ ಎಲ್ಲರಿಗೂ ಕಾಣುವಂತೆ ಪ್ರಕಟವಾಗಲಿ. ರಾಜ್ಯ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಪ್ರಕರಣವೆಂದು ಘೋಷಿಸಿದೆ. ಯಾವ ತಾಲ್ಲೂಕಿಗೆ ಪ್ರತಿವಿಷ ತುರ್ತಾಗಿ ಬೇಕು ಎಂಬ ಮಾಹಿತಿ ಅದರಿಂದ ಸರ್ಕಾರದ ಬಳಿಯೇ ಸೇರುತ್ತದೆ, ಮುಂದಿನ ಮಾರ್ಗಗಳನ್ನು ಅದೇ ಹೇಳುತ್ತದೆ. ಡಿಸೆಂಬರ್‌ಗೆ ಮಂಗನ ಕಾಯಿಲೆಯ ಕಾಲ ಮತ್ತೆ ಶುರುವಾಗುತ್ತದೆ. ಮಲೆನಾಡಿನ ಶಾಸಕರು ಈ ಬೇಡಿಕೆಯನ್ನು ಅದಕ್ಕೆ ಮೊದಲೇ ಸದನದಲ್ಲಿ ಇಡಬೇಕು.